ಮುಳ್ಳು ಕಂಡ ಪೆಟ್ರೋಲು

ಇಂಗ್ಲೆಂಡಿನ ಅಬಿಂಗ್ಡನ್‌ನಲ್ಲಿ 1962ರಿಂದ 1980ರವರೆಗೆ ತಯಾರಾದ ಎಂಜಿಬಿ ಕಾರನ್ನು ಇಂದಿಗೂ ಮುದ್ದಿನಿಂದ ಸಾಕುತ್ತಿರುವವರ ವಲಯದಲ್ಲಿ, ಪೆಟ್ರೋಲ್ ಮಾಪಕದ ಮುಳ್ಳಿಗೆ ಸ್ವತಂತ್ರ ಅಭಿಪ್ರಾಯಗಳಿವೆ ಎಂಬುದು ಸರ್ವಸಮ್ಮತ. ಟ್ಯಾಂಕು ತುಂಬಿ ತುಳುಕುವಾಗ ಅದು ಬರಗಾಲವನ್ನು ಘೋಷಿಸುತ್ತದೆ. ಎಂಜಿನ್ನು ಕೆಮ್ಮಿ ನಿಂತ ಮೇಲೂ ಅರ್ಧ ಟ್ಯಾಂಕಿನ ಭರವಸೆ ನೀಡುತ್ತದೆ. ಆಗ ಮಾಲೀಕನು ಕೈಗೊಳ್ಳುವ ಪ್ರಥಮ ಶಾಸ್ತ್ರೀಯ ಕ್ರಮವೆಂದರೆ ಮಾಪಕದ ಗಾಜನ್ನು ಬೆರಳಿನಿಂದ ತಟ್ಟುವುದು. ಇದರಿಂದ ಮುಳ್ಳಿಗೆ ಏನೂ ಆಗದಿದ್ದರೂ ತಟ್ಟಿದವನಿಗೆ ತಾನೂ ಒಬ್ಬ ಮೆಕ್ಯಾನಿಕ್ ಎಂಬ ಭಾವ ಮೂಡುವುದುಂಟು.

ಟ್ಯಾಂಕಿನೊಳಗೆ ಫ್ಲೋಟ್ ಎಂಬ ತೇಲುಬುರುಡೆಯು ಪೆಟ್ರೋಲಿನೊಂದಿಗೆ ಏರಿಳಿಯುತ್ತ ವಿದ್ಯುತ್ತಿನ ರೋಧವನ್ನು ಬದಲಿಸುತ್ತದೆ; ಈ ಇಡೀ ಭಾಗಕ್ಕೆ ಸೆಂಡರ್ ಎಂದು ಹೆಸರು. ಬುರುಡೆ ತೂತಾಗಿ ಮುಳುಗಿದರೆ ಮುಳ್ಳೂ ಮುಳುಗುತ್ತದೆ. 1960ರ ದಶಕದ ಮಧ್ಯಭಾಗದ ನಂತರದ ಕಾರುಗಳಲ್ಲಿ ಮುಳ್ಳನ್ನು ತಿರುಗಿಸುವುದು ದ್ವಿಲೋಹ ಪಟ್ಟಿ, ಅಂದರೆ ಬಿಸಿಯಾದಾಗ ಬೇರೆಬೇರೆ ಪ್ರಮಾಣದಲ್ಲಿ ಹಿಗ್ಗಿ ಬಾಗುವ ಎರಡು ಲೋಹಗಳ ಜೋಡಿಯಾದ್ದರಿಂದ, ಮುಳ್ಳು ಯಾವುದಕ್ಕೂ ಅವಸರಪಡುವುದಿಲ್ಲ. ಅದಕ್ಕೆ ಸರಾಸರಿ 10 ವೋಲ್ಟ್ ಉಣಿಸುವ ಸ್ಟೆಬಿಲೈಸರ್ ಎಂಬ ಪುಟ್ಟ ಡಬ್ಬಿ ಕೆಟ್ಟು, ಬ್ಯಾಟರಿಯ 12 ವೋಲ್ಟನ್ನು ಹಾಗೆಯೇ ಬಿಟ್ಟರೆ, ಬಂಕಿಗೆ ಹೋಗದೆಯೇ ಸಮೃದ್ಧಿ ಬರುತ್ತದೆ.

ಈ ಬಗೆಯ ಮಾಪಕದ ಪರೀಕ್ಷೆ ಸರಳ: ಸೆಂಡರ್‌ನ ತಂತಿ ಕಳಚಿದರೆ ಮುಳ್ಳು ಖಾಲಿಗೆ ಇಳಿಯಬೇಕು; ಇಗ್ನಿಷನ್ ಆರಿಸಿ, ಆ ತಂತಿಯನ್ನು ಟ್ಯಾಂಕಿನಿಂದ ದೂರದಲ್ಲಿ ಕಾರಿನ ಲೋಹದ ಮೈಗೆ ತಾಗಿಸಿ, ಆಮೇಲೆ ಕೀಲಿ ತಿರುಗಿಸಿದರೆ ಮುಳ್ಳು ಮೇಲೇರಬೇಕು. ಏರಿದರೆ ಮಾಪಕ ನಿರಪರಾಧಿ, ದೋಷ ಸೆಂಡರ್‌ನದು ಅಥವಾ ಅದರ ಅರ್ತಿಂಗ್‌ನದು. ಇಷ್ಟೆಲ್ಲ ತಿಳಿದ ಮೇಲೂ ಅನುಭವಿ ಮಾಲೀಕರು ಡಿಕ್ಕಿಯಲ್ಲಿ ಪೆಟ್ರೋಲಿನ ಕ್ಯಾನೊಂದನ್ನು ಇಟ್ಟುಕೊಂಡೇ ಹೊರಡುತ್ತಾರೆ; ಯಾರಾದರೂ ಕೇಳಿದರೆ ಅದು ಪಕ್ಕದ ಮನೆಯವರ ಕಾರಿಗೆಂದು ಹೇಳುತ್ತಾರೆ.