ಕೂಲರ್ ಷಡ್ಜ: ನಾಗಪುರೀಯ ರಾಗಪ್ರಶ್ನ ಮೀಮಾಂಸೆ

ಶಾಸ್ತ್ರೀಯ ಸಂಗೀತದ ಒಗಟುಗಳನ್ನು ಗೆಳೆಯರೆಲ್ಲ ಸೇರಿ, ಆದರೆ ತಂತಮ್ಮ ಮನೆಯಲ್ಲೇ ಕೂತು, ಫೋನಿನ ಪರದೆಯ ಮೇಲೆ ಬಿಡಿಸುವ ವಿದ್ಯೆಗೆ ನಾಗಪುರವೇ ಮೂಲಪೀಠ ಎಂಬುದು ಈ ಪ್ರಬಂಧದ ಪ್ರತಿಜ್ಞೆ. ಪೂರ್ವಪಕ್ಷದವರು ಆ ಪಟ್ಟವನ್ನು ಮೈಸೂರಿಗೆ ಕಟ್ಟುವುದುಂಟು. ಅವರ ವಾದ ಎಷ್ಟು ಪೊಳ್ಳೆಂದು ತೋರಿಸಲು ಕಟಪಯಾದಿಯೊಂದೇ ಸಾಕು.

ಮೇಳಕರ್ತ ರಾಗದ ಹೆಸರಿನ ಮೊದಲೆರಡು ಅಕ್ಷರಗಳಿಗೆ ಅಂಕಿ ಹಚ್ಚಿ, ತಿರುವಿ ಓದಿದರೆ ಅದು ಎಷ್ಟನೆಯ ಮೇಳವೆಂದು ತಿಳಿಯುತ್ತದೆ, ಇದು ಕಟಪಯಾದಿ. ಮಾಯಾಮಾಳವಗೌಳದ ‘ಮ’ ಐದು, ‘ಯ’ ಒಂದು, ತಿರುವಿದರೆ 15. ಈ ಕೀಲಿಕೈಯನ್ನು ಊರುಗಳ ಹೆಸರಿಗೆ ಹಾಕಿ ನೋಡುವ ಬುದ್ಧಿ ಹಿಂದಿನ ಲಾಕ್ಷಣಿಕರಿಗೆ ಯಾಕೆ ಹೊಳೆಯಲಿಲ್ಲವೋ! ಮೈಸೂರಿನ ‘ಮ’ ಐದು, ‘ಸ’ ಏಳು, ತಿರುವಿದರೆ 75. ಇರುವ ಮೇಳಗಳೇ 72. ಅರಮನೆ, ದಸರಾ, ಆಸ್ಥಾನ ವಿದ್ವಾಂಸರ ಸಾಲು ಎಲ್ಲ ಇದ್ದೂ ಮೈಸೂರಿಗೆ ಮೇಳದ ಭಾಗ್ಯವಿಲ್ಲ. ಹುಬ್ಬಳ್ಳಿ 38, ಅಂದರೆ ಜಲಾರ್ಣವ. (ಹುಬ್ಬಳ್ಳಿಯಲ್ಲಿ ನಲ್ಲಿಯ ಮುಂದೆ ಕೊಡ ಇಟ್ಟು ಕಾದವರು ಇಲ್ಲಿ ನಗಬಾರದಾಗಿ ವಿನಂತಿ.) ಧಾರವಾಡ 29, ಸಾಕ್ಷಾತ್ ಧೀರಶಂಕರಾಭರಣ. ಇನ್ನು ನಾಗಪುರ: ‘ನ’ ಸೊನ್ನೆ, ‘ಗ’ ಮೂರು, ತಿರುವಿದರೆ 30. ಮೂವತ್ತನೆಯ ಮೇಳ ಯಾವುದು? ನಾಗಾನಂದಿನಿ!

ಭೂಪಟದಲ್ಲಿ ಧಾರವಾಡಕ್ಕೂ ನಾಗಪುರಕ್ಕೂ ನಡುವೆ ಹೆಚ್ಚುಕಡಿಮೆ ಇಡೀ ಮಹಾರಾಷ್ಟ್ರ ಬಿದ್ದುಕೊಂಡಿದೆ. ಮೇಳದ ಪಟ್ಟಿಯಲ್ಲಿ ಅವು ಪಕ್ಕದ ಮನೆಗಳು. ವ್ಯತ್ಯಾಸವೆಲ್ಲ ಧೈವತ ಒಂದರದೇ. ಅಲ್ಲಿ ಚತುಶ್ರುತಿ, ಇಲ್ಲಿ ಷಟ್‌ಶ್ರುತಿ. ಮೇ ತಿಂಗಳಲ್ಲಿ ಪಾದರಸ 45 ದಾಟುವ ಊರಿನಲ್ಲಿ ಧೈವತ ಮಾತ್ರ ಏರದೆ ಕೂತಿರಬೇಕೆಂದರೆ ಹೇಗೆ ಸ್ವಾಮಿ? ಇನ್ನೂ ಒಂದು ಪ್ರಮಾಣವಿದೆ. ಬ್ರಿಟಿಷ್ ಸರ್ವೆಯವರು ಕಂಬ ನೆಟ್ಟ ಜಾಗಕ್ಕೆ ಇಲ್ಲಿ ‘ಜೀರೋ ಮೈಲ್’ ಎಂದೇ ಹೆಸರು. ಪಕ್ಕದಲ್ಲಿ ನಾಲ್ಕು ಕಲ್ಲಿನ ಕುದುರೆಗಳು, ಈಗ ಅದೇ ಹೆಸರಿನ ಮೆಟ್ರೋ ನಿಲ್ದಾಣವೂ ಉಂಟು. ಸೊನ್ನೆ ಎಂಬ ಅಕ್ಷರದಿಂದ ಶುರುವಾಗುವ ಊರನ್ನೇ ಹುಡುಕಿ ಸೊನ್ನೆಯ ಕಂಬ ನೆಟ್ಟರೆಂದರೆ, ಆ ಸರ್ವೆಯವರ ಪೈಕಿ ಒಬ್ಬನಾದರೂ ಕಟಪಯಾದಿ ಬಲ್ಲವನಿದ್ದಿರಲೇಬೇಕು.

ಈ ಸಂಶೋಧನೆಯನ್ನು ನಮ್ಮ ಭಾನುವಾರದ ಕೂಟದಲ್ಲಿ ಮಂಡಿಸಿದಾಗ ಮೈಸೂರಿನ ಭಾವ ಕಾನೂನಿನ ಒಂದು ಸೂಕ್ಷ್ಮ ಎತ್ತಿದರು. ಶಂಕರಾಭರಣಕ್ಕೆ ‘ಧೀರ’, ಕಲ್ಯಾಣಿಗೆ ‘ಮೇಚ’, ತೋಡಿಗೆ ‘ಹನುಮ’ ಅಂಟಿಸಿದ್ದೇ ಲೆಕ್ಕ ಕೂಡಲಿ ಎಂದು. ರಾಗಕ್ಕಿರುವ ಸವಲತ್ತು ಊರಿಗೇಕಿಲ್ಲ? ‘ಮೇಚಮೈಸೂರು’ ಎಂದರೆ 65, ನೇರ ಕಲ್ಯಾಣಿ. ಅರ್ಜಿಯನ್ನು ಸ್ವೀಕರಿಸಲಾಗಿದೆ, ತೀರ್ಪು ಕಾಯ್ದಿರಿಸಲಾಗಿದೆ.

ಕೂಟದ ಸದಸ್ಯರ ಪರಿಚಯ ಇಲ್ಲೇ ಆಗಲಿ. ರಾಮದಾಸಪೇಟೆಯ ರಾಯರು, ರೈಲ್ವೆಯಿಂದ ನಿವೃತ್ತರು, ದೀಕ್ಷಿತರ ಪಕ್ಷಪಾತಿ. ಧರಂಪೇಟೆಯ ಕಾಕು, ಅಪ್ಪಟ ನಾಗಪುರದವರು, ಗಂಡನ ಕಡೆಯ ಗುಲ್ಬರ್ಗದ ನಂಟಿನಿಂದ ಕನ್ನಡ ಕಲಿತವರು. ಮೈಸೂರಿನ ಭಾವ. ಧಾರವಾಡದ ಮೇಷ್ಟ್ರು. ಮತ್ತು ಈ ಪ್ರಬಂಧಕಾರ.

ಒಗಟುಗಳಲ್ಲಿ ಮುದ್ರೆಯವು ಅಧಮ. ‘ಗುರುಗುಹ’ ಎಂದರೆ ದೀಕ್ಷಿತರು, ‘ಶ್ಯಾಮಕೃಷ್ಣ’ ಎಂದರೆ ಶ್ಯಾಮಾಶಾಸ್ತ್ರಿಗಳು; ಇದನ್ನು ಕೇಳುವವರೂ ಹೇಳುವವರೂ ಪುಣ್ಯ ಕಳೆದುಕೊಳ್ಳುತ್ತಾರೆ. ಮಧ್ಯಮ ಜಾತಿಯದು ಬೋನು ಇಟ್ಟ ಒಗಟು. ಖಮಾಚಿನ ‘ಬ್ರೋಚೇವಾರೆವರುರಾ’ ಯಾರದೆಂದು ಕೇಳಿದರೆ ‘ಶಂಕರಾಭರಣಂ’ ಸಿನಿಮಾ ನೋಡಿದವರೆಲ್ಲ ತ್ಯಾಗರಾಜರೆಂದು ಕೂಗುತ್ತಾರೆ. ಆಗ ಭಾವ ಕನ್ನಡಕ ತೆಗೆದು ಒರೆಸಿ, ‘ಮೈಸೂರು ವಾಸುದೇವಾಚಾರ್ಯರು’ ಎಂದು ಮೈಸೂರು ಎಂಬ ಶಬ್ದಕ್ಕೆ ಮಾತ್ರ ಒತ್ತು ಕೊಟ್ಟು ಹೇಳುತ್ತಾರೆ. ರಾಯರ ಬೋನು ದೀಕ್ಷಿತರ ನೊಟ್ಟುಸ್ವರ: ಇಂಗ್ಲೆಂಡಿನ ರಾಜಗೀತೆಯ ಧಾಟಿಗೆ ಸಂಸ್ಕೃತ ಕೂಡಿಸಿದ್ದು. ಅದನ್ನು ನುಡಿಸಿದ ಕೂಡಲೇ ಮೇಷ್ಟ್ರು ಎದ್ದು ನಿಲ್ಲಬೇಕೋ ಬೇಡವೋ ಎಂಬ ಗೊಂದಲದಲ್ಲಿ ಅರ್ಧಕ್ಕೆ ಏಳುತ್ತಾರೆ. ಕಾಕು ವರ್ಷವಿಡೀ ಕೇಳುವುದು ಒಂದೇ ಪ್ರಶ್ನೆ, ‘ಕಟ್ಯಾರ್ ಕಾಳಜಾತ್ ಘುಸಲಿ’ ನಾಟಕದ ಖಾಂಸಾಹೇಬರು ಯಾರು? ವಸಂತರಾವ್ ದೇಶಪಾಂಡೆ ಎಂದು ಎಲ್ಲರಿಗೂ ಗೊತ್ತು. ನಾಗಪುರದಲ್ಲಿ ಕಲಿತವರು, ಸಿವಿಲ್ ಲೈನ್ಸ್‌ನ ಸಭಾಗೃಹಕ್ಕೆ ಅವರದೇ ಹೆಸರು. ಆದರೂ ಯಾರೂ ಹೇಳುವುದಿಲ್ಲ, ಕಾಕುವಿನ ಮುಖ ನೋಡುತ್ತ ಸ್ವಲ್ಪ ಹೊತ್ತು ತಿಣುಕುವುದೇ ಮರ್ಯಾದೆ.

ಉತ್ತಮ ಜಾತಿಯದು ರಾಗ ಗುರುತಿಸುವ ಒಗಟು. ಇಲ್ಲಿ ನಾಗಪುರದ ಮಹಿಮೆ ಬಿಚ್ಚಿಕೊಳ್ಳುತ್ತದೆ. ರಾಯರ ಹಿಂದೋಳ ಕಾಕುವಿನ ಮಾಲಕೌಂಸ್. ಕಾಕುವಿಗೂ ಒಂದು ಹಿಂಡೋಲ್ ಇದೆ, ಅದು ಬೇರೆಯೇ ರಾಗ. ರಾಯರ ತೋಡಿಯ ಸ್ವರಗಳು ಕಾಕುವಿನ ಭೈರವಿಯವು. ಕಾಕುವಿನ ತೋಡಿ ರಾಯರ ಶುಭಪಂತುವರಾಳಿಯ ಮನೆಯಲ್ಲಿದೆ. ರಾಯರ ಭೈರವಿ ಯಾರ ಮನೆಗೂ ಹೋಗುವುದಿಲ್ಲ. ಒಂದೇ ಪ್ರಶ್ನೆಗೆ ಎರಡು ಉತ್ತರ, ಎರಡೂ ಸರಿ, ಇಬ್ಬರೂ ತಮ್ಮದೇ ಸರಿ ಎಂದು ಜಗಳ: ಇದಕ್ಕಿಂತ ಹೆಚ್ಚಿನ ಪುರುಷಾರ್ಥ ಭಾನುವಾರ ರಾತ್ರಿ ಯಾವುದಿದೆ? ಭಾತಖಂಡೆಯವರು 1904ರಲ್ಲಿ ದಕ್ಷಿಣಕ್ಕೆ ಹೋಗಿ 72 ಮೇಳಗಳ ವಿಚಾರವನ್ನೆಲ್ಲ ಕೆದಕಿ ಬಂದು, ಕೊನೆಗೆ ಹತ್ತೇ ಥಾಟ್ ಸಾಕೆಂದರು. ಕಾಕುವಿಗೆ ಆ ಹತ್ತರ ಮೇಲೆ ಅಚಲ ಭಕ್ತಿ. ಆದರೆ ನಾಗಾನಂದಿನಿ ಆ ಹತ್ತರೊಳಗೆ ಎಲ್ಲೂ ಕೂರುವುದಿಲ್ಲವೆಂದು ರಾಯರು ಹೇಳಿದ ದಿನ ಅವರ ದನಿ ಏರಿತು: ‘ಏನ್ರೀ ರಾವ್‌ಸಾಹೇಬ್, ನಾ ಹುಟ್ಟಿದ ಊರಿಗೇ ಥಾಟ್ ಇಲ್ಲೇನು?’

ಈಗ ತಾಳಾಧಿಕರಣ. ಹಾಡು ಮೊದಲಾಗಿ ತಾಳ ಹಿಂದೆ ಬಿದ್ದರೆ ಅತೀತ, ತಾಳ ಹೊರಟ ಮೇಲೆ ಹಾಡು ಬಂದರೆ ಅನಾಗತ ಎಂದು ಗ್ರಂಥಗಳಲ್ಲಿದೆ. ಇಂಟರ್‌ನೆಟ್ ಈ ಎರಡನ್ನೂ ಜನಸಾಮಾನ್ಯರಿಗೆ ತಲುಪಿಸಿದೆ. ಮೇಷ್ಟ್ರ ಉತ್ತರ ಮೊದಲು ಹೊರಟರೂ ಕೊನೆಗೆ ಮುಟ್ಟುತ್ತದೆ. ಭಾವನ ತುಟಿ ಅಲುಗಾಡಿ ನಿಂತ ಮೇಲೆ ‘ಆಭೇರಿ’ ಎಂಬ ದನಿ ಒಂಟಿಯಾಗಿ ಬರುತ್ತದೆ, ಅಷ್ಟರಲ್ಲಿ ಮುಂದಿನ ಪ್ರಶ್ನೆ ಶುರುವಾಗಿ ಆ ಉತ್ತರ ಇದಕ್ಕೂ ಸರಿಹೊಂದಿಬಿಡುವುದುಂಟು. ಅಂಕ ಕೊಡಲೇಬೇಕಾಗುತ್ತದೆ.

ಪ್ರಬಂಧದ ಹೃದಯ ಇನ್ನು ಮುಂದಿದೆ. ಒಂದೇ ಹದದಲ್ಲಿ ಎಡೆಬಿಡದೆ ಕೇಳುವ ಸದ್ದೆಲ್ಲ ಗದ್ದಲವೆಂದು ವಿಡಿಯೊ ಕರೆಯ ಆ್ಯಪು ತಿಳಿಯುತ್ತದೆ, ಅಳಿಸಿಹಾಕುತ್ತದೆ. ಅದರ ಲೆಕ್ಕದಲ್ಲಿ ಮೊದಲ ಗದ್ದಲವೇ ತಂಬೂರಿ. ಹೀಗಾಗಿ ರಾಯರು ಕೊಳಲಿನಲ್ಲಿ ಮೋಹನ ಊದಿದರೆ ನಮಗೆ ಮುಟ್ಟುವುದು ಐದು ಸ್ವರ ಮಾತ್ರ, ಷಡ್ಜ ಯಾವುದೆಂದು ಹೇಳುವ ಶ್ರುತಿ ದಾರಿಯಲ್ಲೇ ಲೋಪ. ಆ ಐದರಲ್ಲಿ ರಿಷಭವನ್ನು ‘ಸ’ ಎಂದು ಹಿಡಿದರೆ ಮಧ್ಯಮಾವತಿ, ಗಾಂಧಾರವನ್ನು ಹಿಡಿದರೆ ಹಿಂದೋಳ, ಪಂಚಮದಿಂದ ಶುದ್ಧಸಾವೇರಿ, ಧೈವತದಿಂದ ಶುದ್ಧಧನ್ಯಾಸಿ. ಇದು ಗ್ರಹಭೇದ, ಶಾಸ್ತ್ರಸಿದ್ಧ. ಹಾಗಾದರೆ ಕೇಳುವವರು ‘ಸ’ ಎಲ್ಲಿಂದ ತರುತ್ತಾರೆ?

ಕೂಲರಿನಿಂದ. ಬೇಸಿಗೆಯ ನಾಗಪುರದಲ್ಲಿ ಪ್ರತಿ ಮನೆಯ ಕಿಟಕಿಗೂ ತಗಡಿನ ದೊಡ್ಡ ಪೆಟ್ಟಿಗೆ ಆನಿಸಿರುತ್ತದೆ. ಮೂರು ಬದಿಗೆ ಒದ್ದೆ ಹುಲ್ಲು, ತಳದಲ್ಲಿ ನೀರು, ನೀರೆತ್ತುವ ಪುಟ್ಟ ಪಂಪು, ನಡುವೆ ಗುಂಯ್‌ಗುಡುವ ಫ್ಯಾನು. ಆ ಗುಂಯ್ ಮನೆಯಿಂದ ಮನೆಗೆ ಬೇರೆ. ನೀರು ಕಡಿಮೆಯಾಗಿ ಹುಲ್ಲು ಒಣಗಿದರೆ ಅದೇ ಮನೆಯಲ್ಲೂ ಬೇರೆ. ಯಾರ ಕೂಲರ್ ಯಾವ ಸ್ವರಕ್ಕೆ ನಿಂತಿತೋ ಅವರಿಗೆ ಅದೇ ಷಡ್ಜ. ಆದ್ದರಿಂದ ಕಾಕುವಿಗೆ ಮಾಲಕೌಂಸ್ ಕೇಳುತ್ತದೆ, ಈ ಪ್ರಬಂಧಕಾರನಿಗೆ ಶುದ್ಧಸಾವೇರಿ. ಧಾರವಾಡದ ತಂಪಿನಲ್ಲಿ ಬರೀ ಸೀಲಿಂಗ್ ಫ್ಯಾನಿನ ಕೆಳಗೆ ಕೂತ ಮೇಷ್ಟ್ರಿಗೆ ಏನೂ ಖಚಿತವಿಲ್ಲ, ‘ಸುಮ್ಮನೆ ಚಲೋ ಅದ’ ಎನ್ನುತ್ತಾರೆ. ಊದಿದ ರಾಯರ ಮಾತನ್ನು ಪ್ರಮಾಣವಾಗಿ ಒಪ್ಪುವಂತಿಲ್ಲ, ಅವರ ಕೂಲರೂ ಓಡುತ್ತಿತ್ತಲ್ಲ! ವಾದ ರಾತ್ರಿ ಹನ್ನೊಂದಕ್ಕೂ ನಿಲ್ಲುವುದಿಲ್ಲ. ಒಗಟಿನ ಸುಖವೆಲ್ಲ ಉತ್ತರ ಸಿಗುವವರೆಗೆ ಮಾತ್ರ. ಉತ್ತರವನ್ನು ದೂರ ಇಡುವ ಯಂತ್ರ ಕೂಲರಿನಂಥದು ಇನ್ನೊಂದಿಲ್ಲ.

ವಿಪರ್ಯಯ ಪ್ರಮಾಣವೂ ಲಭ್ಯ. ಜೂನಿನಲ್ಲಿ ಮಳೆ ಬಿದ್ದು ಕೂಲರುಗಳು ನಿಂತ ಭಾನುವಾರ ಎಲ್ಲರೂ ಒಟ್ಟಿಗೆ ‘ಮೋಹನ’ ಎಂದುಬಿಟ್ಟರು. ಎಂಟೂವರೆಗೆ ಕೂಟ ಮುಗಿಯಿತು. ಉಳಿದ ಹೊತ್ತು ಮೊಣಕಾಲು ನೋವಿನ ಚರ್ಚೆ ನಡೆಯಿತು. ಈ ದುರಂತ ಮರುಕಳಿಸದಂತೆ ಡಿಸೆಂಬರಿನಲ್ಲೂ ಕೂಲರ್ ಓಡಿಸಬೇಕೆಂಬ ನಿರ್ಣಯವನ್ನು ರಾಯರು ಮಂಡಿಸಿದ್ದಾರೆ. ಕಾಕು ಶಾಲು ಹೊದ್ದು ಕೂರಲು ಒಪ್ಪಿದ್ದಾರೆ. ಕರೆಂಟ್ ಬಿಲ್ಲಿನ ಅಧಿಕರಣದಲ್ಲಿ ಮಾತ್ರ ಒಮ್ಮತ ಮೂಡಿಲ್ಲ: ಉತ್ತರ ತಪ್ಪಾದವರು ಕಟ್ಟಬೇಕೆಂದು ಭಾವನ ಮತ, ಸರಿಯಾದವರು ಕಟ್ಟಬೇಕೆಂದು ರಾಯರ ಮತ.