ಅಡ್ಮಿನ್ ಅಣ್ಣ

ಮೆಟ್ಟುಪಾಳ್ಯಂ ಪಕ್ಕದ ಸಿರುಮುಗೈಗೆ ಹೋದರೆ ಮಗ್ಗದ ಸದ್ದಿಗಿಂತ ಮೊದಲು ಅಡ್ಮಿನ್ ಅಣ್ಣನ ಫೋನಿನ ಸದ್ದು ಕೇಳುತ್ತದೆ. ದೇವಾಂಗರ ಹುಡುಗ, ಮನೆಯಲ್ಲಿ ಕನ್ನಡ, ಬೀದಿಯಲ್ಲಿ ತಮಿಳು, ವಾಟ್ಸಾಪಿನಲ್ಲಿ ತಮಿಳು ಅಕ್ಷರದ ಕನ್ನಡ. ಮಾರುವುದು ಸಾಫ್ಟ್ ಸಿಲ್ಕ್ ಸೀರೆ. ಆದರೆ ವ್ಯಾಪಾರಿ ಎಂದರೆ ನೊಂದುಕೊಳ್ಳುತ್ತಾನೆ, ಅವನು ಗ್ರೂಪಿನ ಸೇವಕನಂತೆ.

ಬೆಳಗ್ಗೆ ಐದಕ್ಕೆ ಚೌಡೇಶ್ವರಿ ಅಮ್ಮನ ಅಲಂಕಾರದ ಫೋಟೊ. ಆಮೇಲೆ ಯೋಗಕ್ಷೇಮ: "ಅಕ್ಕಾ, ಮಂಡಿನೋವು ಹೆಂಗದೆ? ಪಾಪು ಪ್ಲಸ್ ಟೂ ರಿಸಲ್ಟ್ ಬಂತಾ?" ಸೀರೆಯ ಸುಳಿವೇ ಇಲ್ಲ. ಹೆಂಗಸರು ಕೆಲಸ ಮುಗಿಸಿ ಫೋನ್ ಹಿಡಿಯುವ ಹತ್ತು ಗಂಟೆಗೆ, "ಸುಮ್ನೆ ನೋಡ್ಲಿ ಅಂತ ಹಾಕ್ದೆ" ಎಂದು ಒಂದೇ ಫೋಟೊ. ಮಗ್ಗದಿಂದ ಈಗ ಇಳಿಸಿದ್ದು, ಸಿಂಗಲ್ ಪೀಸ್. ಆ ಸಿಂಗಲ್ ಪೀಸ್ ಸಂಜೆಯೊಳಗೆ ಎಂಟು ಮನೆ ಸೇರಿರುತ್ತದೆ. ದರ ಕೇಳಿದರೆ ಗ್ರೂಪಿನಲ್ಲಿ ಹೇಳುವುದಿಲ್ಲ. ಪ್ರತಿಯೊಬ್ಬರಿಗೂ ಬೇರೆಬೇರೆಯಾಗಿ "ನಿಮಗೆ ಮಾತ್ರ".

2018ರಲ್ಲಿ ಒಂದು ಸಂದೇಶವನ್ನು ಒಮ್ಮೆಗೆ ಐದೇ ಕಡೆ ಫಾರ್ವರ್ಡ್ ಮಾಡಬಹುದೆಂದು ವಾಟ್ಸಾಪ್ ಕಟ್ಟು ಹಾಕಿದಾಗ ಅಣ್ಣ ಎರಡು ದಿನ ಸರಿಯಾಗಿ ಉಣ್ಣಲಿಲ್ಲ. 256 ಇದ್ದ ಗ್ರೂಪಿನ ಮಿತಿ 2022ರ ಕೊನೆಗೆ 1024 ಆದಾಗ ಅಮ್ಮನ ಗುಡಿಯಲ್ಲಿ ಪೊಂಗಲ್ ಹಂಚಿದ.

ಒಮ್ಮೆ ಎಡವಟ್ಟೂ ಆಯಿತು. ಹಿರಿಯರೊಬ್ಬರು ತೀರಿಕೊಂಡ ಸುದ್ದಿಯ ಕೆಳಗೆ, ಸಾಲುಸಾಲು ಮುಗಿದ ಕೈಗಳ ನಡುವೆ, ಇವನ ಸಂದೇಶ ಬಿತ್ತು: "ಬೇಗ ಬುಕ್ ಮಾಡಿ, ಸ್ಟಾಕ್ ಇರೋವರ್ಗೂ ಮಾತ್ರ." ಬೇರೆಯವನಾಗಿದ್ದರೆ ಊರು ಬಿಡಬೇಕಿತ್ತು. ಇವನು ಅರ್ಧ ಗಂಟೆಯಲ್ಲಿ ಆ ಮನೆಯ ಮುಂದೆ ಶಾಮಿಯಾನ ಕಟ್ಟಿಸುತ್ತಿದ್ದ, ಚಟ್ಟಕ್ಕೆ ಹೆಗಲೂ ಕೊಟ್ಟ. ಮುಂದಿನ ಕಾರ್ಯಕ್ಕೆ ಸೀರೆಗಳು ಹೋದದ್ದು ಅವನಲ್ಲಿಂದಲೇ.

ಇವನನ್ನು ನೋಡಿ ತಿರುಪ್ಪೂರಿನ ಖಾದರ್‌ಪೇಟೆಯಲ್ಲಿ ಎಕ್ಸ್‌ಪೋರ್ಟ್‌ನಲ್ಲಿ ಮಿಕ್ಕಿದ ಟೀ ಶರ್ಟ್ ಮಾರುವ ಷಡ್ಡಕನೂ ಒಂದು ಗ್ರೂಪ್ ತೆರೆದ. ಎಂಬಿಎ ಓದಿದವನು, ದಿನಕ್ಕೆ ಆರು ಆಫರ್, ಜೊತೆಗೆ ಲಿಂಕ್. ಜನ ಸಂತೆ ಮುಗಿದಂತೆ ಎದ್ದು ಹೋದರು. ಕಾರಣ ಕೇಳಲು ಬಂದವನಿಗೆ ಅಣ್ಣ ಹೇಳಿದ್ದಿಷ್ಟೆ: "ಸಾವಾದ್ರೆ ಹೋಗ್ಬೇಕು ಕಣೋ. ಲಿಂಕ್ ಕಳಿಸಿದ್ರೆ ಆಯ್ತದಾ?" ಕಾಲೇಜಿನಲ್ಲಿ ಎರಡು ವರ್ಷ ಕಲಿಸುವುದು ಇದನ್ನೇ ಇರಬೇಕು, ಸ್ವಲ್ಪ ದುಬಾರಿಗೆ.

ಗ್ರೂಪಿಗೆ ಸೇರುವುದಾದರೆ ಧಾರಾಳವಾಗಿ ಸೇರಿ, ಸೀರೆಗಳು ನಿಜಕ್ಕೂ ಚೆನ್ನಾಗಿರುತ್ತವೆ. ಮಗಳಿಗೆ ಗಂಡು ನೋಡುತ್ತಿದ್ದೀರಿ ಎಂಬ ಸುದ್ದಿ ಮಾತ್ರ ಅಲ್ಲಿ ಹಾಕಬೇಡಿ. ಗಂಡು ಸಿಗುವ ಮೊದಲೇ ಮುಹೂರ್ತದ ಸೀರೆ ಬಾಗಿಲಿಗೆ ಬಂದಿರುತ್ತದೆ.