ಟಂಟಂ ಅರ್ಧಾಸನ

ಮೂರು ಗಾಲಿಯ ಟಂಟಂ ಗಾಡಿಯನ್ನು ಖಾಲಿಯಾಗಿ ನೋಡುವ ಪುಣ್ಯ ದೇವರ ಹಿಪ್ಪರಗಿಯಲ್ಲಿ ಎಲ್ಲರಿಗೂ ಸಿಗುವುದಿಲ್ಲ. ಖಾಲಿ ಕಂಡ ಕೂಡಲೇ ಹತ್ತಿ ಕೂತುಬಿಡುವುದು ನಮ್ಮ ಮಂದಿಯ ರೂಢಿ. ಕೂತ ಮೇಲೆ ಮಂದಿ ಕಾಣುತ್ತಾರೆ, ಸೀಟು ಕಾಣುವುದಿಲ್ಲ. ನೋಡಲೇಬೇಕೆಂದಿದ್ದರೆ ನಸುಕಿನಲ್ಲೇ ಹೋಗಿ. ಡ್ರೈವರ್ ಗಾಡಿ ಒರೆಸಿ, ಗಾಜಿಗೆ ವಿಭೂತಿ ಎಳೆದು, ಊದಿನಕಡ್ಡಿ ಬೆಳಗುತ್ತಿರುತ್ತಾನೆ. ಆಗ ಅವನ ಸೀಟು ಕಣ್ತುಂಬ ನೋಡಿಕೊಳ್ಳಿ.

ಹ್ಯಾಂಡಲ್ಲಿನ ಹಿಂದೆ ನಟ್ಟನಡುವೆ ಒಬ್ಬನೇ ಕೂಡ್ರಲೆಂದು ಕಂಪನಿ ಮಾಡಿಕೊಟ್ಟ ಸೀಟದು. ಅದರ ಮೇಲೆ ಹಳೆ ಕೌದಿಯ ತುಂಡು, ಕೌದಿಯ ಮೇಲೊಂದು ಟವೆಲ್. ಬೆನ್ನಿಗೆ ಆನಿಕೆಯಾಗಿ ರೆಕ್ಸಿನ್ ಹೊದಿಸಿದ ಸ್ಪಂಜಿನ ಪಟ್ಟಿ. ಇದೆಲ್ಲ ಕುಶನ್ ಅಂಗಡಿಯಲ್ಲಿ ಮುಂದೆ ನಿಂತು, "ಇಲ್ಲಿ ಎರಡು ಬಟ್ಟು ಎತ್ತರಸು, ಇಲ್ಲಿ ತುಸು ತಗ್ಗಸು" ಎಂದು ಹೇಳಿ ಮಾಡಿಸಿದ್ದು. ಮಗಳ ಮದುವೆಗೆ ಸೀರೆ ಆರಿಸುವಾಗಲೂ ಮನುಷ್ಯ ಇಷ್ಟು ತಕರಾರು ಮಾಡಿರುವುದಿಲ್ಲ. ಆದರೆ ಆ ಸೀಟಿನ ಮೇಲೆ ಅವನು ಪೂರಾ ಕೂಡ್ರುವುದು ಮನೆಯಿಂದ ಸ್ಟ್ಯಾಂಡಿಗೆ ಬರುವ ತನಕ ಮಾತ್ರ.

ಸ್ಟ್ಯಾಂಡಿಗೆ ಬಂದ ಮೇಲೆ ನಮ್ಮ ಕಾರಭಾರ ಶುರು.

"ಬರ್ರಿ, ಸಿಂದಗಿ, ಸಿಂದಗಿ, ಸಿಂದಗಿ!"

ಹಿಂದೆ ತುಂಬುತ್ತದೆ. ಧೋತರದ ಕಾಕಾ ಒಬ್ಬರು ಒಳಗೆ ಇಣುಕಿ, "ಜಾಗಾ ಎಲ್ಲೈತೋ ತಮ್ಮಾ?" ಎನ್ನುತ್ತಾರೆ.

"ನನ್ನ ಬಾಜೂಕ ಬರ್ರಿ ಕಾಕಾ, ಬೇಕಾದಷ್ಟ ಐತಿ."

ಕಾಕಾ ಎಡಕ್ಕೆ ಕೂಡ್ರುತ್ತಾರೆ, ಡ್ರೈವರ್ ಬಲಕ್ಕೆ ಸರಿಯುತ್ತಾನೆ. ಅಷ್ಟರಲ್ಲಿ ಬಲಗಡೆಯಿಂದ ಮಾಸ್ತರರು ಬರುತ್ತಾರೆ. ಡ್ರೈವರ್ ಎಡಕ್ಕೆ ಸರಿಯುತ್ತಾನೆ. ಆಮೇಲೆ ಕಾಲೇಜಿನ ಹುಡುಗನೊಬ್ಬ ಯಾರನ್ನೂ ಕೇಳದೆ ಕಾಕಾನ ಆಚೆ ಅಂಚಿಗೆ ತಗಲಿಕೊಳ್ಳುತ್ತಾನೆ. ಈಗ ಡ್ರೈವರನಿಗೆ ಎಡಕ್ಕೂ ಸರಿಯುವಂತಿಲ್ಲ, ಬಲಕ್ಕೂ ಸರಿಯುವಂತಿಲ್ಲ. ಉಳಿದದ್ದು ಮುಂದಿನ ದಿಕ್ಕೊಂದೇ. ಸೀಟಿನ ತುದಿಗೆ ಬಂದು, ಒಂದು ತೊಡೆ ಊರಿ, ಇನ್ನೊಂದನ್ನು ಗಾಳಿಗೆ ಬಿಟ್ಟು, ಸೊಂಟ ಒಂದು ಕಡೆ ಮುಖ ಒಂದು ಕಡೆ ಮಾಡಿ ಕೂಡ್ರುತ್ತಾನೆ. ಇಂದ್ರ ತನ್ನ ಸಿಂಹಾಸನದಲ್ಲಿ ಅರ್ಜುನನಿಗೆ ಅರ್ಧಾಸನ ಕೊಟ್ಟನೆಂದು ಪುರಾಣದಲ್ಲಿ ಹೊಗಳುತ್ತಾರೆ. ಇಂದ್ರ ಕೊಟ್ಟದ್ದು ಒಬ್ಬನಿಗೆ. ನಮ್ಮವನು ಟ್ರಿಪ್ಪಿಗೆ ಮೂವರಿಗೆ ಕೊಡುತ್ತಾನೆ, ಮೇಲಾಗಿ ಗಾಡಿಯನ್ನೂ ಹೊಡೆಯುತ್ತಾನೆ.

ಹೊಡೆಯುವ ವೈಖರಿಯನ್ನೂ ನೋಡಬೇಕು. ಕ್ಲಚ್ಚು, ಗೇರು ಎಡಗೈಯಲ್ಲಿ, ಎಕ್ಸಲೇಟರ್ ಬಲಗೈಯಲ್ಲಿ, ಬ್ರೇಕು ಬಲಗಾಲಲ್ಲಿ. ಗೇರ್ ಬದಲಿಸಬೇಕಾದರೆ ಕ್ಲಚ್ಚು ಹಿಡಿದು ಮುಷ್ಟಿ ತಿರುವಬೇಕು, ಮುಷ್ಟಿ ತಿರುವಿದರೆ ಮೊಣಕೈ ಹೊರಗೆ ಬರಬೇಕು. ಹೊರಗೆ ಬರುವ ಜಾಗದಲ್ಲಿ ಕಾಕಾನ ಹೊಟ್ಟೆ ಇದೆ.

"ಕಾಕಾ, ಜರಾ ಉಸಿರ ಒಳಗ ತಗೋರಿ, ಗೇರ್ ಹಾಕಬೇಕು."

ಕಾಕಾ ಉಸಿರು ಎಳೆದುಕೊಂಡರೆ ಸೆಕೆಂಡ್ ಗೇರು, ಬಿಟ್ಟರೆ ನ್ಯೂಟ್ರಲ್. ಸಿಂದಗಿ ಮುಟ್ಟುವ ಹೊತ್ತಿಗೆ ಕಾಕಾ ಪ್ರಾಣಾಯಾಮದಲ್ಲಿ ಪಳಗಿರುತ್ತಾರೆ.

ಈ ಗಾಡಿ ಮಾಡಿದವರಿಗೆ ಇದು ಕನಸಿನಲ್ಲೂ ಹೊಳೆದಿರಲಿಕ್ಕಿಲ್ಲ. ಎರಡನೇ ಮಹಾಯುದ್ಧದಲ್ಲಿ ಜಜ್ಜಿಹೋದ ಇಟಲಿಯಲ್ಲಿ ಕಾರು ಕೊಳ್ಳುವ ಶಕ್ತಿ ಹೆಚ್ಚಿನವರಿಗೆ ಇರಲಿಲ್ಲ. ಪಿಯಾಜಿಯೊ ಕಂಪನಿ 1948ರಲ್ಲಿ ತನ್ನ ವೆಸ್ಪಾ ಸ್ಕೂಟರಿಗೆ ಹಿಂದೆ ಎರಡು ಗಾಲಿ ಕೂಡಿಸಿ 'ಆಪೆ' ಎಂಬ ಸಾಮಾನು ಸಾಗಿಸುವ ಗಾಡಿ ಮಾಡಿತು. ನಮ್ಮ ದೇಶದಲ್ಲಿ ಬಜಾಜಿಗೆ ಎರಡು, ಮೂರು ಗಾಲಿಯ ಗಾಡಿ ತಯಾರಿಸುವ ಲೈಸೆನ್ಸ್ ಸಿಕ್ಕದ್ದು 1959ರಲ್ಲಿ. ಮುಂದೆ ಪಿಯಾಜಿಯೊ ಕೂಡ ಮಹಾರಾಷ್ಟ್ರದ ಬಾರಾಮತಿಗೇ ಬಂದು ಕಾರಖಾನೆ ಹಾಕಿತು. ಮೇಲೆ ತಗಡು, ಹಿಂದೆ ಸೀಟು ಏನೇ ಬಂದರೂ ಹ್ಯಾಂಡಲ್ ಹಿಡಿದವನ ಮಟ್ಟಿಗೆ ಅದು ಇವತ್ತಿಗೂ ಮೂರು ಗಾಲಿಯ ಸ್ಕೂಟರೇ. ಬೆನ್ನು ನೆಟ್ಟಗೆ, ಮೊಣಕೈ ತುಸು ಮಡಚಿ, ಎರಡೂ ಪಾದ ನೆಲಕ್ಕೆ ಊರಿ ಒಬ್ಬನೇ ಕೂಡ್ರಬೇಕಾದ ಜಾಗ.

ಅಮೆರಿಕದವರ ಮಾತು ಬೇರೆ. ಹಾರ್ಲೆ ಡೇವಿಡ್‌ಸನ್ ಕಂಪನಿ 1932ರಿಂದ 1973ರವರೆಗೆ ಸರ್ವಿ-ಕಾರ್ ಎಂಬ ಮೂರು ಗಾಲಿಯ ಮೋಟರ್‌ಸೈಕಲ್ ಮಾಡಿತು. 2009ರ ಸುಮಾರಿಗೆ ಟ್ರೈ ಗ್ಲೈಡ್ ತಂದಿತು. ಅಂಥದ್ದನ್ನು ಕೊಂಡವರು ಹ್ಯಾಂಡಲ್ ಎರಡಿಂಚು ಹಿಂದಕ್ಕೆ ಎಳೆಸುತ್ತಾರೆ, ಬೆನ್ನಿಗೆ ಆನಿಕೆ ಹಾಕಿಸುತ್ತಾರೆ, ಕಾಲಿಡುವ ಹಲಗೆ ಮುಂದೆ ಸರಿಸುತ್ತಾರೆ. ಸೀಟು, ಕಾಲು, ಕೈ ಮೂರೂ ಹೊಂದಬೇಕಲ್ಲ. ಒಂದನ್ನು ಸರಿಸಿದರೆ ಇನ್ನೆರಡು ಜಗಳ ತೆಗೆಯುತ್ತವೆ. ಅದಕ್ಕಾಗಿ ಅವರು ಡಾಲರ್ ಸುರಿಯುತ್ತಾರೆ. ನಮ್ಮಲ್ಲಿ ಅದೇ ಕೆಲಸವನ್ನು ಪ್ಯಾಸೆಂಜರುಗಳಾದ ನಾವು ಪುಕ್ಕಟೆ ಮಾಡಿಕೊಡುತ್ತೇವೆ. ಟ್ರಿಪ್ಪಿಗೊಂದು ಹೊಸ ಭಂಗಿ.

ನಗುವ ಮಾತಾದರೂ ಇದರೊಳಗೊಂದು ಕುತ್ತು ಇದೆ. ಎರಡು ಗಾಲಿಯ ಗಾಡಿ ತಿರುವಿನಲ್ಲಿ ತಾನೇ ಒಳಕ್ಕೆ ವಾಲುತ್ತದೆ. ಟಂಟಂ ವಾಲುವುದಿಲ್ಲ, ಒಳಗೆ ಕೂತ ಮಂದಿ ಹೊರಕ್ಕೆ ವಾಲುತ್ತಾರೆ. ಮುಂದೆ ಗಾಲಿ ಒಂದೇ ಇರುವುದರಿಂದ ತಿರುವಿನಲ್ಲಿ ಬ್ರೇಕ್ ಒತ್ತಿದರೆ ಭಾರವೆಲ್ಲ ಹೊರಗಿನ ಮೂಲೆಗೆ ನುಗ್ಗುತ್ತದೆ. ಆ ಹೊತ್ತಿನಲ್ಲಿ ಹ್ಯಾಂಡಲ್ ಹಿಡಿದವನ ಕೈಗೆ ಆಡಲು ಜಾಗ ಬೇಕು. ನಮ್ಮವನ ಕೈ ಕಾಕಾನ ಹೊಟ್ಟೆಗೂ ಮಾಸ್ತರರ ಟಿಫಿನ್ ಡಬ್ಬಿಗೂ ನಡುವೆ ಸಿಕ್ಕಿರುತ್ತದೆ.

ಕಾನೂನು ಇಲ್ಲವೇ ಎಂದರೆ, ಇದೆ. ಗಾಡಿ ಹೊಡೆಯುವವನ ಹಿಡಿತಕ್ಕೆ ಅಡ್ಡಿಯಾಗುವಂತೆ ಯಾರನ್ನೂ ಕೂಡ್ರಿಸಬಾರದು ಎಂದು 1988ರ ಮೋಟಾರು ವಾಹನ ಕಾಯ್ದೆಯ 125ನೇ ಕಲಮು ಹೇಳುತ್ತದೆ. ಹೆಚ್ಚಿನ ಪ್ರತಿ ತಲೆಗೆ 200 ರೂಪಾಯಿ ದಂಡ ಎಂದು 2019ರ ತಿದ್ದುಪಡಿ ಸೇರಿಸಿತು. ಕೇಳಿದರೆ ಡ್ರೈವರ್, "ಮಂದಿ ಇಳಿಸಿದ್ರ ಗಾಡಿ ಕಂತು ನೀವ ತುಂಬತೀರೇನ್ರಿ ಅಣ್ಣಾರ?" ಎನ್ನುತ್ತಾನೆ. ಅವನದೂ ಸುಳ್ಳಲ್ಲ. 2018ರಲ್ಲಿ ಹಿಪ್ಪರಗಿ ತಾಲ್ಲೂಕಾದ ಮೇಲೆ ಸುತ್ತಲಿನ ಹಳ್ಳಿಯವರು ಕಾಗದಪತ್ರಕ್ಕೆ ಇಲ್ಲಿಗೇ ಬರಬೇಕು. ಬಸ್ಸು ಅದರ ಟೈಮಿಗೆ ಬರುತ್ತದೆ, ನಮ್ಮ ಟೈಮಿಗಲ್ಲ. 12ನೇ ಶತಮಾನದಲ್ಲಿ ಶರಣ ಮಡಿವಾಳ ಮಾಚಿದೇವರು ಈ ಊರಿಂದ ಕಲ್ಯಾಣಕ್ಕೆ ನಡೆದೇ ಹೋದರು. ಅವರ ಊರವರಾದ ನಮಗೆ ಸ್ಟ್ಯಾಂಡಿನಿಂದ ತಹಶೀಲ್ದಾರ್ ಕಚೇರಿಗೂ ಟಂಟಂ ಬೇಕು.

2023ರ ಜೂನ್‌ನಲ್ಲಿ ಹೆಂಗಸರಿಗೆ ಸರ್ಕಾರಿ ಬಸ್ಸು ಪುಕ್ಕಟೆಯಾಯಿತು. ಇನ್ನು ಡ್ರೈವರ್ ಕಾಲು ಚಾಚಿ ಕೂಡ್ರಬಹುದು ಅಂದುಕೊಂಡರೆ, ಅಕ್ಕೋರು ಬಿಟ್ಟುಹೋದ ಹಿಂದಿನ ಜಾಗದಲ್ಲಿ ಗಂಡಸರು ಅಗಲವಾಗಿ ಕೂತರು. ಇನ್ನು ಕೆಲವರಿಗೆ ಹಿಂದೆ ಜಾಗವಿದ್ದರೂ ಮುಂದೆಯೇ ಬೇಕು. ಯಾಕೆಂದರೆ "ಗಾಳಿ ಬರತೈತಿ". ಗಾಳಿಗಿಂತ ಹೆಚ್ಚಾಗಿ, ಊರೊಳಗೆ ಹಾಯುವಾಗ ನಾಲ್ಕು ಮಂದಿ ನೋಡುತ್ತಾರಲ್ಲ!

ಊರಿನ ರಾವುತರಾಯನನ್ನಾದರೂ ನೋಡಿ ಕಲಿಯಬಾರದೇ? ಕುದುರೆ ಏರಿದ ದೇವರು. ಜಾತ್ರೆಗೆ ಎಷ್ಟು ಮಂದಿ ಕೂಡಿದರೂ ಕುದುರೆ ಮೇಲೆ ಇರುವವನು ಅವನೊಬ್ಬನೇ. "ಅಪ್ಪಾ, ಜರಾ ಮುಂದ ಸರೀರಿ, ಇನ್ನೊಬ್ಬರು ಬರತಾರ" ಎಂದು ಅಲ್ಲಿ ಯಾವ ಭಕ್ತನೂ ಕೇಳಿದ್ದಿಲ್ಲ.

ಹೀಗಾಗಿ ಮುಂದಿನ ಸೀಟಿನ ಪ್ರಿಯರಲ್ಲಿ ಒಂದು ಮಾತು. ಮೆತ್ತನೆಯ ಸ್ಪಂಜು, ರೆಕ್ಸಿನ್ನು, ಕೌದಿ ಯಾವುದೂ ಆ ಡ್ರೈವರನ ಸೊಂಟ ಉಳಿಸಲಾರದು. ಉಳಿಸುವುದಾದರೆ ನಾವೇ ಉಳಿಸಬೇಕು. ಹಿಂದೆ ಜಾಗವಿದ್ದರೆ ಹಿಂದೆ ಕೂಡ್ರಿ, ಇಲ್ಲದಿದ್ದರೆ ಒಂದು ಚಾ ಕುಡಿಯಿರಿ. ಕಪ್ಪು ಖಾಲಿಯಾಗುವುದರೊಳಗೆ ಮತ್ತೊಂದು ಟಂಟಂ ಬಂದಿರುತ್ತದೆ.